‘ಹೆಂಗಿದ್ರೂ’ ನ್ಯಾಯ: ಗೃಹನವೀಕರಣದ ಅಂದಾಜುಪಟ್ಟಿಗೆ ಒಂದು ಭಾಷ್ಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಒಡೆದು ನೋಡು ಎಂದು ಎಲ್ಲೂ ಹೇಳಿಲ್ಲ. ಈ ಮೌನದ ಬಗ್ಗೆ ಎರಡು ಮತಗಳು ಸಾಧ್ಯ. ಆ ಕಾಲದಲ್ಲಿ ಅಡುಗೆಮನೆ ಮಸಿ ಹಿಡಿದರೆ ಸುಣ್ಣ ಬಳಿಯುತ್ತಿದ್ದರೇ ಹೊರತು ಮಾಡ್ಯುಲರ್ ಮಾಡಿಸುತ್ತಿರಲಿಲ್ಲ, ಹಾಗಾಗಿ ಗಾದೆಗೆ ಸಂದರ್ಭವೇ ಒದಗಲಿಲ್ಲ ಎಂಬುದು ಒಂದು. ಸಂದರ್ಭ ಒದಗಿತ್ತು, ಆದರೆ ಒಡೆಸಿದವರಲ್ಲಿ ಗಾದೆ ಕಟ್ಟುವಷ್ಟು ಉಸಿರು ಉಳಿದಿರಲಿಲ್ಲ ಎಂಬುದು ಇನ್ನೊಂದು. ಪ್ರಸ್ತುತ ಪ್ರಬಂಧ ಎರಡನೆಯದರ ಕಡೆಗೆ ವಾಲುತ್ತದೆ.

ವ್ಯಾಪ್ತಿಯನ್ನು ಮೊದಲೇ ಗೆರೆ ಹಾಕಿ ಹೇಳುವುದು ಶಾಸ್ತ್ರಕಾರರ ಮರ್ಯಾದೆ. ಅಪಾರ್ಟ್‌ಮೆಂಟುಗಳು, ಫಾರ್ಮ್‌ಹೌಸುಗಳು, ಮಂತ್ರಿಗಳ ಬಂಗಲೆಗಳು ಇಲ್ಲಿ ವಿಚಾರಕ್ಕೆ ಬರುವುದಿಲ್ಲ. ನಮ್ಮ ವಸ್ತು, ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಎಂಬತ್ತರ ದಶಕದಲ್ಲಿ ಪಿಎಫ್ ಸಾಲ ತೆಗೆದು ಕಟ್ಟಿದ ಒಂದಂತಸ್ತಿನ ಮನೆ. ಸೈಟು 1,200 ಚದರಡಿ, ಮೇಸ್ತ್ರಿಗಳ ಬಾಯಲ್ಲಿ ಹನ್ನೆರಡು ಚದರ. ಹಾಲಿನಲ್ಲಿ ಮೊಸಾಯಿಕ್, ಅಡುಗೆಮನೆಯಲ್ಲಿ ರೆಡ್ ಆಕ್ಸೈಡ್, ಗೋಡೆಯೊಳಗೆ ಜಿ.ಐ. ಪೈಪು, ಗೇಟಿನ ಪಕ್ಕ ಒಂದು ತೆಂಗಿನ ಮರ. ಯಜಮಾನರು ನಿವೃತ್ತರಾಗಿದ್ದಾರೆ, ಗ್ರಾಚ್ಯುಟಿ ಕೈಗೆ ಬಂದಿದೆ, ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಈ ಮೂರೂ ಗ್ರಹಗಳು ಒಂದೇ ಮನೆಯಲ್ಲಿ ಕೂಡಿದಾಗ ಅಡುಗೆಮನೆ ದೊಡ್ಡದು ಮಾಡಿಸಬೇಕು, ಮೇಲೊಂದು ರೂಮು-ಬಾತ್‌ರೂಮು ಎತ್ತಿಸಬೇಕು ಎಂಬ ಸಂಕಲ್ಪ ಹುಟ್ಟುತ್ತದೆ. ಸಂಕಲ್ಪದ ಬೆನ್ನಿಗೇ ಪ್ರಶ್ನೆ: ಎಷ್ಟಾಗುತ್ತೆ?

ಈ ಜ್ಞಾನ ಯಾವ ಮಾರ್ಗದಿಂದ ಬರುತ್ತದೆ ಎಂದು ನೋಡೋಣ. ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಪ್ರತ್ಯಕ್ಷ ಎಂದರೆ ಮೇಸ್ತ್ರಿ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ನೋಡುವುದು. ಡಬಡಬ ಎಂದರೆ ಗಾರೆ ಬಿಟ್ಟಿದೆ. ಆದರೆ ನಲವತ್ತು ವರ್ಷದ ಜಿ.ಐ. ಪೈಪಿನೊಳಗೆ ತುಕ್ಕು ಕಟ್ಟಿ, ನೀರು ಬರುವ ದಾರಿ ಪೆನ್ಸಿಲಿನಷ್ಟು ಕಿರಿದಾಗಿರುವುದು ಎಷ್ಟು ತಟ್ಟಿದರೂ ಕೇಳಿಸುವುದಿಲ್ಲ. ಉಪಮಾನ ಎಂದರೆ ಪಕ್ಕದ ಮನೆಯವರಿಗೆ ಎಷ್ಟಾಯಿತು ಎಂದು ವಿಚಾರಿಸುವುದು. ಅವರ ಖರ್ಚಿಗೆ ಎರಡು ಪಾಠಾಂತರಗಳಿವೆ: ಬೀಗರೆದುರು ಹೇಳುವುದು, ಸಾಲ ಕೇಳಲು ಬಂದವರೆದುರು ಹೇಳುವುದು. ಮೂಲಪಾಠ ಈವರೆಗೆ ಸಿಕ್ಕಿಲ್ಲ.

ಅನುಮಾನ ಪ್ರಮಾಣವನ್ನು ಯಜಮಾನರು ಕ್ಯಾಲ್ಕ್ಯುಲೇಟರ್ ಹಿಡಿದು ತಾವೇ ಪ್ರಯೋಗಿಸುತ್ತಾರೆ. ಹೊಸ ಬಾತ್‌ರೂಮು ಐದಡಿಗೆ ಎಂಟಡಿ, ಅಂದರೆ ನಲವತ್ತು ಚದರಡಿ, ಆದ್ದರಿಂದ ಟೈಲ್ಸೂ ನಲವತ್ತು ಚದರಡಿ. ತರ್ಕದಲ್ಲಿ ದೋಷವಿಲ್ಲ, ಬಾತ್‌ರೂಮಿಗೆ ಗೋಡೆಗಳಿವೆ ಎಂಬುದೊಂದನ್ನು ಬಿಟ್ಟರೆ. ಸುತ್ತಳತೆ ಇಪ್ಪತ್ತಾರು ಅಡಿ. ಏಳಡಿ ಎತ್ತರಕ್ಕೆ ಟೈಲ್ಸ್ ಹತ್ತಿಸಿದರೆ 182 ಚದರಡಿ. ಬಾಗಿಲಿನದು ಸುಮಾರು 18 ಕಳೆದು, ನೆಲದ 40 ಕೂಡಿ, ಒಡೆಯುವುದು-ಕತ್ತರಿಸುವುದಕ್ಕೆ ಶೇಕಡಾ 10 ಸೇರಿಸಿದರೆ 225ರ ಹತ್ತಿರ ಬರುತ್ತದೆ. ನಲವತ್ತರ ಐದೂವರೆ ಪಟ್ಟು! ಹತ್ತು-ಹನ್ನೆರಡರ ರೂಮಿಗೆ 120 ಚದರಡಿ ಬಣ್ಣ ಎಂದುಕೊಂಡವರ ಗತಿಯೂ ಇಷ್ಟೇ. ಪೇಂಟರು ಹತ್ತಡಿ ಎತ್ತರದ ನಾಲ್ಕು ಗೋಡೆ ಅಳೆದು 440 ಅನ್ನುತ್ತಾರೆ, ಮೇಲೆ ಚಾವಣಿ. ಕಿಟಕಿ-ಬಾಗಿಲಿನ ಜಾಗ ಕಳೆಯಬೇಕೋ ಬೇಡವೋ ಎಂಬ ಜಗಳ ಮಾತ್ರ ಬಗೆಹರಿಯದ್ದಲ್ಲ. ಭಾರತೀಯ ಮಾನಕ 1200 ಇದಕ್ಕೆ ತೀರ್ಪು ಕೊಟ್ಟಿದೆ: ಅರ್ಧ ಚದರ ಮೀಟರಿಗಿಂತ ಚಿಕ್ಕ ಕಿಂಡಿಯನ್ನು ಕಳೆಯಬೇಡ, ಅದರಿಂದ ಮೂರು ಚದರ ಮೀಟರಿನವರೆಗಿನದಕ್ಕೆ ಒಂದು ಮುಖ ಮಾತ್ರ ಕಳೆ. ಆದರೆ ಈ ಸ್ಮೃತಿಯನ್ನು ಓದಿದ ಯಜಮಾನರೂ ಇಲ್ಲ, ಓದಿದ್ದೇನೆಂದು ಒಪ್ಪುವ ಪೇಂಟರೂ ಇಲ್ಲ.

ಕೊನೆಗೆ ಉಳಿಯುವುದು ಶಬ್ದಪ್ರಮಾಣ, ಅಂದರೆ ಮೇಸ್ತ್ರಿಯ ವಾಕ್ಯ. ಅದರ ಪರಿಶುದ್ಧ ರೂಪ ಹೀಗಿದೆ:

“ಎಷ್ಟಾಗ್ಬೋದು ಮೇಸ್ತ್ರಿ?”

“ನೀವೆಷ್ಟು ಅನ್ಕೊಂಡಿದೀರ ಸಾರ್?”

ಇದನ್ನು ಉಡಾಫೆ ಎನ್ನುವವರು ಶಾಸ್ತ್ರ ಬಲ್ಲವರಲ್ಲ. ಅಂದಾಜು ವಸ್ತುವಿನಲ್ಲಿಲ್ಲ, ಕೇಳುವವನ ಚಿತ್ತದಲ್ಲಿದೆ ಎಂಬುದು ಇಲ್ಲಿಯ ಗೂಢಾರ್ಥ. ಯಜಮಾನರು ಮನಸ್ಸಿನಲ್ಲಿ ಹನ್ನೆರಡು ಲಕ್ಷ ಇಟ್ಟುಕೊಂಡು ಬಾಯಲ್ಲಿ ಎಂಟು ಅನ್ನುತ್ತಾರೆ. ಮೇಸ್ತ್ರಿ ಒಮ್ಮೆ ಸೂರು ನೋಡಿ, ಒಮ್ಮೆ ಯಜಮಾನರ ಸೊಸೆಯಾಗಲಿರುವವಳ ಊರು ಯಾವುದೆಂದು ಕೇಳಿ, “ಆಗುತ್ತೆ ಬಿಡಿ ಸಾರ್, ತಲೆ ಕೆಡಿಸ್ಕೋಬೇಡಿ, ನಮ್ಮನೆ ಅನ್ಕೊಂಡು ಮಾಡ್ಕೊಡ್ತೀನಿ” ಅನ್ನುತ್ತಾರೆ. ಈ ಕೊನೆಯ ಮಾತು ಮುಂದೆ ಅಕ್ಷರಶಃ ನಿಜವಾಗುತ್ತದೆ. ಮೂರನೆಯ ತಿಂಗಳ ಹೊತ್ತಿಗೆ ಅವರ ಬಾಣಲಿ, ಗುದ್ದಲಿ, ಸೆಂಟ್ರಿಂಗ್ ಹಲಗೆ, ಊಟದ ಡಬ್ಬಿ ಎಲ್ಲ ಈ ಮನೆಯಲ್ಲೇ ಇರುತ್ತವೆ. ಅವರು ಮಾತ್ರ ಇನ್ನೊಂದು ಸೈಟಿನಲ್ಲಿ ಇರುತ್ತಾರೆ.

ಈ ಸಂವಾದದ ಫಲವಾಗಿ ಹುಟ್ಟುವ ಪಠ್ಯವೇ ಅಂದಾಜುಪಟ್ಟಿ. ಗ್ರಂಥಸಂಪಾದನೆಯ ಕ್ರಮದಲ್ಲಿ ವಿವರಿಸುವುದಾದರೆ: ಪ್ರತಿ ಒಂದೇ, ಮದುವೆಯ ಲಗ್ನಪತ್ರಿಕೆಯ ಹಿಂಬದಿ, ನೀಲಿ ಬಾಲ್‌ಪೆನ್ನು, ಅಕ್ಷರ ದುಂಡಗಿದ್ದು ಅಂಕಿಗಳು ಅಸ್ಪಷ್ಟ. ಲೋಪಗಳು ಅನೇಕ. ಹಳೆಯ ಗೋಡೆ ಒಡೆಯುವ ಕೂಲಿ ಇಲ್ಲ. ಒಡೆದದ್ದನ್ನು ಸಾಗಿಸುವ ಟ್ರ್ಯಾಕ್ಟರ್ ಇಲ್ಲ. ಒಡೆದ ಗೋಡೆ ನಿಂತ ಗೋಡೆಗಿಂತ ಹೆಚ್ಚು ಜಾಗ ಹಿಡಿಯುತ್ತದೆ ಎಂಬ ಭೌತಶಾಸ್ತ್ರವಂತೂ ಇಲ್ಲವೇ ಇಲ್ಲ. ಕಟ್ಟಡದ ಅವಶೇಷವನ್ನು ಎಲ್ಲೆಂದರಲ್ಲಿ ಸುರಿಯಬಾರದೆಂದು 2016ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಆದರೂ ಟ್ರ್ಯಾಕ್ಟರಿನವರು ರಾತ್ರಿ ಹನ್ನೊಂದರ ಮೇಲೆಯೇ ಏಕೆ ಬರುತ್ತಾರೆ, ಕೆರೆಯ ದಾರಿಯನ್ನೇ ಏಕೆ ಹಿಡಿಯುತ್ತಾರೆ ಎಂಬುದು ಬೇರೆ ಸಂಶೋಧನೆಯ ವಿಷಯ. ಎಲೆಕ್ಟ್ರಿಷಿಯನ್ ಇಲ್ಲ, ಪ್ಲಂಬರ್ ಇಲ್ಲ, ಕ್ಯೂರಿಂಗಿಗೆ ನೀರಿನ ಟ್ಯಾಂಕರ್ ಇಲ್ಲ. ಕಬ್ಬಿಣದ ಎದುರು ‘ಬೇಕಾದಷ್ಟು’ ಎಂದಿದೆ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ, 12 ಎಂಎಂ ಕಂಬಿಗೆ 0.89 ಕೆ.ಜಿ. ಎಂಬ ಸರಳ ಸೂತ್ರ ಲಭ್ಯವಿರುವಾಗಲೂ, ‘ಬೇಕಾದಷ್ಟು’ ಎಂಬ ಪಾಠವೇ ಎಲ್ಲೆಡೆ ಪ್ರಚಲಿತ.

ಪಟ್ಟಿಯಲ್ಲಿ ಯಾವ ತಿದ್ದುಪಡಿಗೂ ಒಳಗಾಗದೆ ಉಳಿದ ಸಾಲು ಒಂದೇ ಒಂದು, ಕೊನೆಯದು: ‘ಎಕ್ಸ್‌ಟ್ರಾ ಕೆಲಸಕ್ಕೆ ಎಕ್ಸ್‌ಟ್ರಾ’. ಇಡೀ ಕೃತಿಯ ತಾತ್ಪರ್ಯ ಈ ಫಲಶ್ರುತಿಯಲ್ಲಿದೆ.

ಎಕ್ಸ್‌ಟ್ರಾ ಹುಟ್ಟುವ ಬಗೆಗೆ ಈ ಪ್ರಬಂಧ ‘ಹೆಂಗಿದ್ರೂ ನ್ಯಾಯ’ ಎಂಬ ಹೆಸರನ್ನು ಪ್ರಸ್ತಾಪಿಸುತ್ತದೆ. ಕಾಕತಾಲೀಯ, ಬೀಜಾಂಕುರ ಮುಂತಾದ ಪ್ರಸಿದ್ಧ ನ್ಯಾಯಗಳ ಸಾಲಿನಲ್ಲಿ ಇದಕ್ಕೂ ಒಂದು ಮಣೆ ಸಲ್ಲಬೇಕು. ಲಕ್ಷಣ: ‘ಹೆಂಗಿದ್ರೂ ಒಡೆದಾಗಿದೆ’ ಎಂಬ ಹೇತುವಿನಿಂದ ‘ಇದನ್ನೂ ಮಾಡಿಸಿಬಿಡೋಣ’ ಎಂಬ ನಿರ್ಣಯಕ್ಕೆ ಹಾರುವುದು. ಅಡುಗೆಮನೆಯ ಗೋಡೆ ತೆಗೆದದ್ದರಿಂದ ಹಾಲೂ ಅಡುಗೆಮನೆಯೂ ಒಂದಾಯಿತು. ಈಗ ಅಡುಗೆಮನೆಯ ಹೊಸ ವಿಟ್ರಿಫೈಡ್ ಟೈಲ್ಸ್, ಹಾಲಿನ ಹಳೆಯ ಮೊಸಾಯಿಕ್ ಎದುರುಬದುರಾಗಿ ನಿಂತವು. “ರೀ, ಹೆಂಗಿದ್ರೂ ಟೈಲ್ಸ್‌ನೋರು ಬಂದಿದಾರೆ” ಎಂಬ ವಾಕ್ಯ ಹೊರಬಿತ್ತು. ಮೊಸಾಯಿಕ್ ಕೀಳುವ ಖರ್ಚು ಉಳಿಸಲು ಅದರ ಮೇಲೆಯೇ ಟೈಲ್ಸ್ ಹಾಸಿದರೆ ನೆಲ ಎರಡಿಂಚು ಎದ್ದಿತು. ನೆಲ ಎದ್ದರೆ ಬಾಗಿಲುಗಳು ತೆರೆಯವು. ಬಡಗಿ ಬಂದು ಎಲ್ಲ ಬಾಗಿಲುಗಳ ಬುಡ ಕೊಯ್ದ. ಕೊಯ್ದ ಬಾಗಿಲಿಗೆ ಪಾಲಿಶ್ ಬೇಕು. ಪಾಲಿಶಾದ ಬಾಗಿಲಿನ ಪಕ್ಕ ಗ್ರಿಲ್ಲಿನ ಬಣ್ಣ ಮಾಸಿದಂತೆ ಕಂಡಿತು. ಹೊಸ್ತಿಲನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ, ಅದಕ್ಕೆ ಅರಿಶಿನ ಕುಂಕುಮ ನಡೆಯುತ್ತದೆ. ಹೀಗಾಗಿ ಇಂದು ಆ ಮನೆಯಲ್ಲಿ ಹೊಸ್ತಿಲು ದಾಟುವುದಿಲ್ಲ, ಇಳಿಯುತ್ತಾರೆ.

ಈ ನ್ಯಾಯ ಕೇವಲ ಕನ್ನಡಿಗರದಲ್ಲ. ಫ್ರಾನ್ಸಿನ ದೀದರೋ ಎಂಬ ದಾರ್ಶನಿಕ, ಹೊಸದೊಂದು ಕೆಂಪು ನಿಲುವಂಗಿ ಬಂದದ್ದರಿಂದ ಮನೆಯ ಕುರ್ಚಿ-ಮೇಜು-ಚಿತ್ರಗಳೆಲ್ಲ ದರಿದ್ರವಾಗಿ ಕಂಡು ಒಂದೊಂದಾಗಿ ಬದಲಾದವೆಂದು ಹದಿನೆಂಟನೆಯ ಶತಮಾನದಲ್ಲೇ ಪ್ರಲಾಪಿಸಿದ್ದಾನೆ. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು, ಬೆಕ್ಕಿಗೆ ಹಾಲೆಂದು ಹಸು, ಹಸುವನ್ನು ನೋಡಿಕೊಳ್ಳಲು ಹೆಂಡತಿ ಎಂದು ಸಂಸಾರಿಯಾದ ನಮ್ಮ ಸನ್ಯಾಸಿಯ ಕಥೆ ಕೇಳಿದ್ದರೆ ದೀದರೋ ಅಷ್ಟು ಬರೆಯುತ್ತಿರಲಿಲ್ಲ. ಡೇನಿಯಲ್ ಕಾನಮನ್ ಮತ್ತು ಏಮಾಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಇದಕ್ಕೆ ಹತ್ತಿರದ ದೋಷವೊಂದನ್ನು ಗುರುತಿಸಿದರು: ಮನುಷ್ಯ ತನ್ನ ಕೆಲಸದ ಖರ್ಚನ್ನೂ ಕಾಲವನ್ನೂ ಎಲ್ಲ ಸುಸೂತ್ರವಾಗಿ ನಡೆಯುತ್ತದೆಂಬ ಭಾವನೆಯಲ್ಲೇ ಎಣಿಸುತ್ತಾನೆ. ಅಡುಗೆಮನೆ ಹೊಸದು ಮಾಡಿಸಿಕೊಂಡ ಅಮೆರಿಕನ್ನರ 2002ರ ಸಮೀಕ್ಷೆಯೊಂದನ್ನು ಕಾನಮನ್ ಉದಾಹರಿಸುತ್ತಾರೆ. ಆ ಅಮೆರಿಕನ್ನರು ಎಣಿಸಿದ್ದು ಸರಾಸರಿ 18,658 ಡಾಲರ್, ತೆತ್ತದ್ದು 38,769. ಅದೇ 2002ರಲ್ಲಿ ಕಾನಮನ್‌ಗೆ ನೊಬೆಲ್ ಬಂತು. ಅಡುಗೆಮನೆಯವರಿಗೆ ಏನೂ ಬರಲಿಲ್ಲ.

ನಮ್ಮ ರಾಜ್ಯದ ಅತಿ ದೊಡ್ಡ ಉದಾಹರಣೆ ಅಂಬೇಡ್ಕರ್ ಬೀದಿಯಲ್ಲಿ ನಿಂತಿದೆ. 1951ರ ಜುಲೈಯಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದಾಗ ಮನಸ್ಸಿನಲ್ಲಿದ್ದದ್ದು ಅಲಂಕಾರವಿಲ್ಲದ ಒಂದು ಸಾದಾ ಕಟ್ಟಡ. ಆಮೇಲೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನು ಬದಲಿಸಿದರು. ಗೋಪುರ ಬಂತು, ಕಲ್ಲಿನ ಕೆತ್ತನೆ ಬಂತು, ಮೆಟ್ಟಿಲ ಸಾಲು ಬಂತು. 1956ಕ್ಕೆ ಮುಗಿಯುವ ಹೊತ್ತಿಗೆ ಖರ್ಚು ಒಂದೂಮುಕ್ಕಾಲು ಕೋಟಿಯ ಆಸುಪಾಸು ಹೋಗಿತ್ತು, ಅದರ ಮೇಲೆ ವಿಚಾರಣೆಯೂ ಕೂತಿತ್ತು. ಅಂದಾಜಿಗೆ ಅಂಟಿಕೊಂಡಿದ್ದರೆ ವಿಧಾನಸೌಧದ ಮುಂದೆ ಇವತ್ತು ಯಾರೂ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಯಜಮಾನರು ಈ ವಾದವನ್ನು ಮನೆಯಲ್ಲಿ ಹೂಡಬಹುದು. ಆದರೆ ಮನೆಯಲ್ಲಿ ನಡೆಯುವ ವಿಚಾರಣೆಗೆ ಅವಧಿ ಎಂಬುದಿಲ್ಲ.

ಪೂರ್ವಪಕ್ಷ: ಎಲ್ಲವನ್ನೂ ಬರೆದಿಟ್ಟು ಮೇಲೆ ಶೇಕಡಾ ಹತ್ತು ‘ಕಂಟಿಂಜೆನ್ಸಿ’ ಎಂದು ತೆಗೆದಿಟ್ಟರೆ ಆಯಿತಲ್ಲ? ಸರ್ಕಾರಿ ಅಂದಾಜಿನಲ್ಲೂ ಮೂರೋ ಐದೋ ಶೇಕಡಾ ಹಾಗೆ ಇಡುತ್ತಾರಲ್ಲ? ಸಮಾಧಾನ: ಇಡಬಹುದು, ಯಾರಿಗೂ ಹೇಳದಿದ್ದರೆ. ಹೇಳಿದ ಮರುದಿನವೇ ಅದು ಚಿಮಣಿಯಾಗುತ್ತದೆ. ಅಲ್ಲದೆ ಹಳೆಯ ಮನೆಯಲ್ಲಿ ಅನಿರೀಕ್ಷಿತ ಅನ್ನುವುದು ಹತ್ತಕ್ಕೆ ನಿಲ್ಲುವುದಿಲ್ಲ. ಪೈಪು ತೆಗೆದರೆ ತುಕ್ಕು, ಸ್ವಿಚ್‌ಬೋರ್ಡ್ ತೆಗೆದರೆ ಅರ್ಥಿಂಗ್ ಇಲ್ಲದ ವೈರು, ಮೇಲೆ ರೂಮು ಎತ್ತಲು ಹೊರಟರೆ ಕೆಳಗಿನ ಸೈಜುಗಲ್ಲಿನ ಪಾಯ, ಪಿಲ್ಲರ್ ಇಲ್ಲದ ಗೋಡೆ. ಈ ಗೋಡೆಗಳು ಭಾರ ಹೊರುವ ಗೋಡೆಗಳು. ಯಾವುದನ್ನು ತೆಗೆಯಬಹುದು, ಯಾವುದನ್ನು ತೆಗೆದರೆ ಬೀಮ್ ಕೊಡಬೇಕು ಎಂಬುದನ್ನು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್. ಅವರ ಫೀಸು ಉಳಿಸಲು ಹೋಗುವವರನ್ನು ಕಂಡರೆ ಅಣಕಕ್ಕೂ ಮನಸ್ಸು ಬರುವುದಿಲ್ಲ. ಅಂದಾಜು ಬರೆಸುವ ಮೊದಲೇ ಬಚ್ಚಲಿನ ನಲ್ಲಿಯ ಹಿಂದೆ ಒಂದಡಿ, ಒಂದು ಸ್ವಿಚ್‌ಬಾಕ್ಸಿನ ಸುತ್ತ ಒಂದಡಿ ಒಡೆಸಿ ನೋಡುವುದು, ಪಾಯದ ಪಕ್ಕ ಒಂದು ಗುಂಡಿ ತೋಡಿಸುವುದು: ಪ್ರತ್ಯಕ್ಷ ಪ್ರಮಾಣಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿ. ಎರಡು ದಿನದ ಕೂಲಿಯಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮಾಡಿಸುವ ಮನೆ ಮಾತ್ರ ಅಪರೂಪ.

ಕೆಲಸ ನಡೆಯುವಾಗಿನ ಸ್ಥಿತಿಯನ್ನು ವೈಶೇಷಿಕರ ಅಭಾವಗಳಿಂದ ವಿವರಿಸುವುದು ಸುಲಭ. ಮೇಲಿನ ರೂಮು ಆಗುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟೆಂದು ಶಾಸ್ತ್ರ, ನಂಬಿ ಕಾಯಬೇಕು. ಫಿಕ್ಸೆಡ್ ಡಿಪಾಸಿಟ್ಟಿನದು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೇಸ್ತ್ರಿಗೆ ಕೊಟ್ಟ ಅಡ್ವಾನ್ಸಿನ ರಸೀದಿ ಮೂರು ಕಾಲದಲ್ಲೂ ಇಲ್ಲದ್ದರಿಂದ ಅತ್ಯಂತಾಭಾವ. ಘಟವು ಪಟವಲ್ಲ ಎಂಬಂತೆ ಅಂದಾಜು ಬಿಲ್ಲಲ್ಲ, ಬಿಲ್ಲು ಅಂದಾಜಲ್ಲ, ಇದು ಅನ್ಯೋನ್ಯಾಭಾವ.

ಇನ್ನು ರಾಜಶಾಸನಗಳು. 2025ರವರೆಗೆ ಜಾರಿಯಲ್ಲಿದ್ದ ಕಾಯಿದೆಯ ಪ್ರಕಾರ, ಸ್ವಂತ ವಾಸದ ಮನೆಯ ಕಟ್ಟಡವೆಚ್ಚ ಹತ್ತು ಲಕ್ಷ ಮೀರದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದಿದ್ದ ಶೇಕಡಾ 1ರ ಸೆಸ್ ಇರಲಿಲ್ಲ. ಕಾಯಿದೆ 1996ರದು, ಹತ್ತು ಲಕ್ಷವೂ ಆಗಿನದೇ. ಕಾಗದದ ಮೇಲೆ ಕೆಲವು ಮನೆಗಳು ಒಂಬತ್ತೂ ಚಿಲ್ಲರೆ ಲಕ್ಷದಲ್ಲೇ ಮುಗಿಯುತ್ತಿದ್ದ ಪವಾಡಕ್ಕೆ ಇದೇ ಬೀಜವಾಗಿದ್ದಿರಬಹುದು. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇಳಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಯಜಮಾನರು ಅದೇ ಸಂತೋಷದಲ್ಲಿ ಪೂಜಾಕೋಣೆಗೆ ಗ್ರಾನೈಟ್ ಸೇರಿಸಿದರು.

ಮನೆ ಕೊಳ್ಳಲು, ಕಟ್ಟಲು ತೆಗೆದ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ ವಿನಾಯಿತಿಯ ಮಿತಿಯನ್ನು ಕೇಂದ್ರ ಸರ್ಕಾರ 2014ರಲ್ಲಿ ಒಂದೂವರೆ ಲಕ್ಷದಿಂದ ಎರಡು ಲಕ್ಷಕ್ಕೆ ಏರಿಸಿತು. ವಾಸದ ಮನೆಯ ರಿಪೇರಿಗೆ, ನವೀಕರಣಕ್ಕೆ ತೆಗೆದ ಸಾಲದ ಬಡ್ಡಿಗೆ ಮಿತಿ ವರ್ಷಕ್ಕೆ ₹30,000. ಅದನ್ನು ಯಾರೂ ಏರಿಸಲಿಲ್ಲ. ಮನೆ ನವೀಕರಣದ ಬಾಬತ್ತಿನಲ್ಲಿ ಬರೆದಂತೆಯೇ ಉಳಿದಿರುವ ಅಂಕಿ ಇದೊಂದೇ.