ಆಮೆನ್ ಅಂಕಲ್

ದಕ್ಷಿಣ ಕನ್ನಡ, ಉಡುಪಿ ಕಡೆಯ ಯಾವ ಸಿಎಸ್‌ಐ ಚರ್ಚಿಗೆ ಹೋದರೂ ಒಬ್ಬ ಆಮೆನ್ ಅಂಕಲ್ ಸಿಕ್ಕೇ ಸಿಗುತ್ತಾರೆ. ಎಡಗಡೆ ಎರಡನೇ ಬೆಂಚು, ಫ್ಯಾನಿನ ಕೆಳಗೆ. ಗೊತ್ತಿಲ್ಲದೆ ಅಲ್ಲಿ ಕೂತವರನ್ನು ಅವರು ಏಳಿ ಎನ್ನುವುದಿಲ್ಲ. ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ, ಅಷ್ಟೇ. ಎರಡನೇ ಸಲ ಸರಿಮಾಡಿಕೊಳ್ಳುವ ಅಗತ್ಯ ಬಿದ್ದದ್ದನ್ನು ಯಾರೂ ನೋಡಿಲ್ಲ. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ಮಿಶನ್ ಶಾಲೆಯ ಹೆಡ್‌ಮಾಸ್ಟರಿಕೆಯಿಂದಲೋ ನಿವೃತ್ತರು. ಇಸ್ತ್ರಿಯ ಬಿಳಿ ಅಂಗಿ. ಜಿಪ್ ಹಾಕಿದ ಕಪ್ಪು ಹೊದಿಕೆಯ ಬೈಬಲ್. ಅದರೊಳಗೆ ಕಾಣಿಕೆ ಕವರು, ಶುಗರ್ ಮಾತ್ರೆ, ಮುಗಿದುಹೋದ ಯಾವುದೋ ಮದುವೆಯ ಕಾಗದ.

ಪಾಸ್ಟರುಗಳಿಗೆ ನಾಲ್ಕೈದು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಅಂಕಲ್‌ಗೆ ಆಗುವುದಿಲ್ಲ. ಆದ್ದರಿಂದ ಹೊಸ ಪಾಸ್ಟರು ಬಂದ ಮೊದಲ ವಾರವೇ ಅವರ ಆಮೆನ್‌ನ ವ್ಯಾಕರಣ ಕಲಿತುಕೊಳ್ಳುವುದು ಕ್ಷೇಮ. ಪ್ರಾರ್ಥನೆ ಮುಗಿದ ಮೇಲೆ ಸಭೆಯೆಲ್ಲ ಹೇಳುವ ಆಮೆನ್ ಸಾರ್ವಜನಿಕ. ಅಂಕಲ್ ಹೇಳುವುದು ಖಾಸಗಿ. ಯುವಜನರ ಫ್ಯಾಶನ್ನನ್ನು ಖಂಡಿಸಿದರೆ ಎದೆಯಿಂದ ಬರುವ ದೀರ್ಘ ಆಮೆನ್. ಪ್ರಸಂಗ ಇಪ್ಪತ್ತೈದು ನಿಮಿಷ ದಾಟಿತೆಂದರೆ ಮಾತಿನ ನಡುವೆಯೇ ಕುಟ್ಟಿ ಹೇಳುವ ಮೊಟಕು ಆಮೆನ್. ಇದಕ್ಕೆ ಹೆದರಿ ಉಪಸಂಹಾರವನ್ನೇ ಬಿಟ್ಟು ಆಶೀರ್ವಾದಕ್ಕೆ ಹಾರಿದ ಪಾಸ್ಟರುಗಳಿದ್ದಾರೆ. ಮುನಿದ ಸಹೋದರನೊಂದಿಗೆ ರಾಜಿ ಮಾಡಿಕೊಂಡ ಮೇಲೆ ಕಾಣಿಕೆ ತನ್ನಿ ಎಂಬ ಭಾಗ ಬಂದಾಗ ಮಾತ್ರ ಆಮೆನ್ ಕೇಳಿಸುವುದಿಲ್ಲ. ಆಗ ಅವರು ಹಾಡಿನ ಪುಸ್ತಕದಲ್ಲಿ ಮುಂದಿನ ನಂಬರು ಹುಡುಕುತ್ತಿರುತ್ತಾರೆ.

ಯೇಸುವಿನ ಶಿಷ್ಯರಾಗಿ ಬಾಳುವುದು ಹೇಗೆಂದು ಅಂಕಲ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಪಿತ್ರಾರ್ಜಿತ. ‘ನಾವು ಬಾಸೆಲ್ ಮಿಶನ್‌ನವರು’ ಎಂದು ಶುರುಮಾಡಿದರೆ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿನಲ್ಲಿ ಇಳಿದಾಗ ತಾವೇ ಧಕ್ಕೆಗೆ ಹೋಗಿ ಸಾಮಾನು ಇಳಿಸಿಕೊಂಡವರ ಧಾಟಿ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯ ಮೋಗ್ಲಿಂಗ್ ನಮ್ಮವರು. 1894ರ ನಿಘಂಟಿನ ಕಿಟೆಲ್ ಅಂತೂ ಬಹಳ ನಮ್ಮವರು. ಆ ನಿಘಂಟಿನ ಒಂದು ಪ್ರತಿ ಅಂಕಲ್ ಮನೆಯ ಶೋಕೇಸಿನಲ್ಲಿದೆ. ಶೋಕೇಸಿನ ಕೀ ಕಳೆದು ಎಷ್ಟು ವರ್ಷವಾಯಿತೆಂದು ಆಂಟಿಗೂ ನೆನಪಿಲ್ಲ.

ಹೆಮ್ಮೆಪಡಲು ಕಾರಣವಿಲ್ಲವೆಂದಲ್ಲ. ಅವರ ಮುತ್ತಜ್ಜ ದೀಕ್ಷಾಸ್ನಾನ ಪಡೆದ ದಿನ ಮನೆಯ ಬಾಗಿಲು ಮುಚ್ಚಿತು, ಬಾವಿಯ ಹಗ್ಗ ಕೈಗೆ ಸಿಗಲಿಲ್ಲ. ಮರ ಹತ್ತಿ ಶೇಂದಿ ಇಳಿಸುವುದು ಮಿಶನ್‌ನವರಿಗೆ ಒಪ್ಪಿಗೆಯಿಲ್ಲದ್ದರಿಂದ ಕಸುಬೂ ಹೋಯಿತು. ಹೀಗೆ ಬೀದಿಗೆ ಬಿದ್ದವರ ಹೊಟ್ಟೆಪಾಡಿಗೆಂದೇ ಮಿಶನ್‌ನವರು ನೇಯ್ಗೆ ಶುರುಮಾಡಿದ್ದು, 1865ರಲ್ಲಿ ಪ್ಲೆಬ್ಸ್ಟ್ ದೊರೆ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು. ಮುತ್ತಜ್ಜ ಅಲ್ಲಿ ಮಣ್ಣು ಹೊತ್ತರು. ಈ ಕಥೆ ಹೇಳುವಾಗ ಅಂಕಲ್ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತದೆ. ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ; ಅವರ ಕಾರಿನ ಹಿಂದೆ ಯಾರೋ ಸ್ಕೂಟರ್ ನಿಲ್ಲಿಸಿರುತ್ತಾರೆ.

“ನೋಡಿ, ಇದೂ ಒಂದು ಶಿಲುಬೆ.”

ಅಂಕಲ್ ಹೊರುವ ಶಿಲುಬೆಗಳಿಗೆ ಲೆಕ್ಕವಿಲ್ಲ. ಮೊಣಕಾಲು ನೋವು ಶಿಲುಬೆ. ದುಬೈಯಲ್ಲಿರುವ ಮಗ ವಾರಕ್ಕೊಂದೇ ಸಲ ಫೋನ್ ಮಾಡುವುದು ಶಿಲುಬೆ. ಶುಗರಿನ ದೆಸೆಯಿಂದ ಕುಚ್ಚಲಕ್ಕಿ ಅನ್ನ ಬಿಟ್ಟು ಚಪಾತಿ ತಿನ್ನಬೇಕಾಗಿ ಬಂದದ್ದು ಮಹಾ ಶಿಲುಬೆ. ಒಮ್ಮೆ ತಮ್ಮ ಮನೆಯ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳಲು ನಿಂತು, ಮೂವತ್ತೆಂಟು ವರ್ಷದಿಂದ ತಾವು ಹೊತ್ತ ಶಿಲುಬೆಯನ್ನು ಕುರಿತು ಭಾವುಕರಾಗಿ ಮಾತಾಡುತ್ತಿದ್ದಾಗ, ಅಡುಗೆಮನೆಯಿಂದ ಆಂಟಿ ಕೇಳಿದರು: “ಶಿಲುಬೆ ಚಾ ಮಾಡಿಟ್ಟಿದೆ, ಬಿಸ್ಕತ್ತೂ ಇಡ್ಬೇಕಾ?” ಅಂದಿನ ಸಾಕ್ಷಿ ಅಲ್ಲಿಗೆ ಮುಗಿಯಿತು.

ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಿಂದ ಆಗಷ್ಟೇ ಹೊರಬಂದ ಹುಡುಗ ಪಾಸ್ಟರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮೀಸೆ ಸರಿಯಾಗಿ ಬಂದಿರಲಿಲ್ಲ, ಉತ್ಸಾಹ ಬಂದಿತ್ತು. ಒಂದು ಭಾನುವಾರ ಬೋನ್‌ಹೋಫರ್ ಕುರಿತು ಪ್ರಸಂಗ ಮಾಡಿದರು. ಹಿಟ್ಲರನ ಕಾಲದ ಜರ್ಮನಿ; ಚರ್ಚುಗಳಲ್ಲಿ ಬಹುಪಾಲು ಸರ್ಕಾರಕ್ಕೆ ಸಲಾಮು ಹೊಡೆಯುತ್ತಿದ್ದಾಗ ಈ ಪಾದ್ರಿ ಎದುರು ನಿಂತ. ಶಿಷ್ಯನಾಗುವುದಕ್ಕೆ ಬೆಲೆಯಿದೆ, ಏನೂ ತೆರದೆ ದಕ್ಕುತ್ತದೆಂದು ನಂಬಿಕೊಂಡದ್ದು ಅಗ್ಗದ ಕೃಪೆ ಎಂದು 1937ರಲ್ಲಿ ಪುಸ್ತಕ ಬರೆದ. 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿದೆಯೆನ್ನುವಾಗ, ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ನಾತ್ಸಿಗಳು ಅವನನ್ನು ಗಲ್ಲಿಗೇರಿಸಿದರು. ಹುಡುಗ ಚೆನ್ನಾಗಿಯೇ ಹೇಳಿದ. ಗಂಟಲು ಕಟ್ಟಿತ್ತು. ಸಭೆಯೂ ಅಪರೂಪಕ್ಕೆ ಗಡಿಯಾರ ನೋಡಿರಲಿಲ್ಲ.

ಬಾಗಿಲಲ್ಲಿ ಅಂಕಲ್ ಕೈಕುಲುಕಿದರು. “ಒಳ್ಳೆ ಪ್ರಸಂಗ ಪಾಸ್ಟ್ರೇ. ಜರ್ಮನಿಯವರಂದ್ರೆ ನಮ್ಮವರೇ ಅಲ್ವಾ?”

“ಅವರು ಬಾಸೆಲ್ ಮಿಶನ್‌ನವರಲ್ಲ ಅಂಕಲ್.”

“ಇರ್ಲಿ. ಆದ್ರೆ ಅಗ್ಗದ್ದು ಅಂದ್ರಲ್ಲ, ಅದು ಮಾತ್ರ ನಮ್ಮ ಸಭೆಗೆ ಹೇಳುವ ಮಾತಲ್ಲ. ಈ ಸೌಂಡ್ ಸಿಸ್ಟಮ್‌ಗೆ ಎಷ್ಟಾಯ್ತು ಗೊತ್ತುಂಟಾ ನಿಮ್ಗೆ?”

ಬೆಲೆ ತೆರುವ ಮಾತು ಬಂತಲ್ಲ, ಅಂಕಲ್‌ರನ್ನು ನೋಡಬೇಕಾದದ್ದು ಬೆಳೆಹಬ್ಬದಂದು. ಗದ್ದೆಯೆಲ್ಲ ಸೈಟಾಗಿ ಹೋದರೂ ನಮ್ಮ ಚರ್ಚುಗಳಲ್ಲಿ ಬೆಳೆಹಬ್ಬ ನಿಂತಿಲ್ಲ. ಆರಾಧನೆ ಮುಗಿಯುತ್ತಲೇ ಅಂಗಳದಲ್ಲಿ ಏಲಂ. ಮಂಗಳೂರು ಸೌತೆ, ಕದಳಿಗೊನೆ, ಹಲಸು, ಆಂಟಿಯರ ಕೇಕು, ಕಾಲು ಕಟ್ಟಿದ ಊರಕೋಳಿ. ಹೊರಗಿನ ಮಾರುಕಟ್ಟೆಗೂ ಇಲ್ಲಿನ ದರಕ್ಕೂ ಸಂಬಂಧವಿಲ್ಲ. ಕೊಂಡವರು ‘ಪುನಃ ಏಲಂ ಮಾಡಿ’ ಎಂದು ವಸ್ತುವನ್ನು ವಾಪಸು ಕೊಡುವುದೂ ಉಂಟು. ಹಾಗಾಗಿ ಒಂದೇ ಕೋಳಿ ಮೂರು ಸಲ ಮಾರಾಟವಾಗಿ, ತನ್ನ ಬೆಲೆ ಕೇಳಿ ತಾನೇ ಬೆರಗಾಗಿ ಕೂತಿರುತ್ತದೆ.

ಒಂದು ವರ್ಷ ಸೌತೆಕಾಯಿಯೊಂದನ್ನು ಮೇಲೆತ್ತಿದರು. ಸಾಧಾರಣ ಸೌತೆಕಾಯಿ. ಸಾಂಬಾರಿಗೆ ಹಾಕಿದರೆ ನಾಲ್ಕು ಜನಕ್ಕೆ ಸಾಲದು.

“ಇನ್ನೂರು” ಎಂದರು ಅಂಕಲ್.

“ಐನೂರು” ಎಂದಿತು ಹುಣಸೆಮರದ ಬುಡದಿಂದ ಒಂದು ಸ್ವರ. ಅಂಕಲ್ ತಿರುಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಅದು ಅವರ ಒಡಹುಟ್ಟಿದ ತಮ್ಮ. ಹದಿನೈದು ಸೆಂಟ್ಸ್ ಜಾಗದ ವಿಷಯದಲ್ಲಿ ಇಬ್ಬರಿಗೂ ಕೋರ್ಟಿನಲ್ಲಿ ದಾವೆಯಿದೆ. ಅಣ್ಣ ತಮ್ಮ ಮಾತಾಡುವುದು ವರ್ಷಕ್ಕೊಮ್ಮೆ, ಅದೂ ಅಂಕಿಯಲ್ಲಿ.

“ಸಾವಿರ.”

“ಸಾವಿರದೈನೂರು.”

ಏಲಂ ಕೂಗುವವನು ಸುಮ್ಮನೆ ಸೌತೆಕಾಯಿ ಎತ್ತಿಹಿಡಿದು ನಿಂತ. ಅವನಿಗೆ ಕೈನೋವು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅಂಕಲ್ ಬಲಗೈ ಎತ್ತಿ ಎತ್ತಿ ಕೂಗುತ್ತಿದ್ದರು. ಬಲಗೈ ಕೊಡುವುದು ಎಡಗೈಗೆ ಗೊತ್ತಾಗಬಾರದೆಂಬುದು ಅವರಿಗೆ ಬಾಯಿಪಾಠ. ಆದರೆ ಎಡಗೈ ಆಗ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿತ್ತು. ನಾಲ್ಕು ಸಾವಿರದ ಇನ್ನೂರಕ್ಕೆ ಸೌತೆಕಾಯಿ ಅವರದಾಯಿತು. ಸಭೆ ಚಪ್ಪಾಳೆ ತಟ್ಟಿತು, ಚರ್ಚಿನ ಚಾವಣಿ ರಿಪೇರಿಗೆ ದುಡ್ಡಾಯಿತು. ದಾವೆಯ ಮುಂದಿನ ತಾರೀಕು ಇಬ್ಬರ ಡೈರಿಯಲ್ಲೂ ಹಾಗೆಯೇ ಉಳಿಯಿತು.

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಆರಾಧನೆಯಲ್ಲಿ ಶಿಲುಬೆಯ ಮೇಲಿನ ಏಳು ಮಾತುಗಳನ್ನು ಏಳು ಜನಕ್ಕೆ ಹಂಚುತ್ತಾರೆ. ಕ್ಷಮೆಯ ಮೊದಲ ಮಾತು ಅಂಕಲ್ ಯಾವತ್ತೂ ಕೇಳಿಕೊಂಡವರಲ್ಲ. ಅವರದು ಐದನೆಯದು, ದಾಹದ್ದು. ಚಿಕ್ಕ ಮಾತು, ಅದರ ಮೇಲೆ ಮೂವತ್ತೈದು ನಿಮಿಷ. ಏಪ್ರಿಲ್‌ನ ಸೆಖೆ, ಸಭೆ ಉಪವಾಸ. ಒಮ್ಮೆ ದಾಹದ ಆಳವನ್ನು ವರ್ಣಿಸುತ್ತ ವರ್ಣಿಸುತ್ತ ಅವರಿಗೇ ಗಂಟಲೊಣಗಿ, ಪ್ರಸಂಗಪೀಠದ ಕೆಳಗಿನಿಂದ ಬಾಟಲಿ ತೆಗೆದು ಗಟಗಟ ಅರ್ಧ ಲೀಟರು ನೀರು ಕುಡಿದರು. ಮುನ್ನೂರು ಕಣ್ಣುಗಳು ಆ ಬಾಟಲಿಯ ಜೊತೆ ಮೇಲೇರಿ ಕೆಳಗಿಳಿದವು. ಐದನೇ ಮಾತು ನಮಗೆ ಅಷ್ಟು ಚೆನ್ನಾಗಿ ಅರ್ಥವಾದದ್ದು ಅದೇ ಮೊದಲು.

ಡಿಸೆಂಬರ್ 31ರ ರಾತ್ರಿಯ ವಾಗ್ದಾನ ವಚನದ ಕಾರ್ಡಿನದೂ ಇಂಥದೇ ಕಥೆ. ಡಬ್ಬಿಯೊಳಗೆ ಕೈಹಾಕಿ ಬಂದದ್ದನ್ನು ವರ್ಷವಿಡೀ ಇಟ್ಟುಕೊಳ್ಳಬೇಕು. ಶೋಧನೆ, ತಾಳ್ಮೆ ಎಂದೇನಾದರೂ ಬಂದರೆ ಅಂಕಲ್, “ಎರಡು ಅಂಟಿಕೊಂಡಿದೆ” ಎಂದು ವಾಪಸು ಹಾಕಿ ಇನ್ನೊಂದು ತೆಗೆಯುತ್ತಾರೆ. ಸಮೃದ್ಧಿ ಬರುವವರೆಗೂ ಅಂಟಿಕೊಂಡೇ ಇರುತ್ತದೆ. ಬೆಳಿಗ್ಗೆ ಐದಕ್ಕೆ ಸೂರ್ಯೋದಯದ ಚಿತ್ರದ ಮೇಲೆ ಆ ವಚನ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ.

ಇಷ್ಟರಿಂದ ಅಂಕಲ್ ಬರೇ ಗದ್ದಲದ ಗಿರಾಕಿ ಎಂದುಕೊಂಡರೆ ನನ್ನ ಚಿತ್ರ ಅರ್ಧವಾಯಿತು. ಅವರು ನಮ್ಮ ಸಭೆಯ ಖಜಾಂಚಿಯೂ ಹೌದು, ಸಮಾಧಿ ಸ್ಥಳದ ಗೇಟಿನ ಕೀ ಇರುವುದೂ ಅವರ ಬಳಿಯೇ. ವಂತಿಗೆ ಬಾಕಿಯಿದ್ದರೆ ಜಾಗವಿಲ್ಲ ಎಂಬುದು ನಮ್ಮಲ್ಲಿಯ ನಿಯಮ. ಆ ನಿಯಮವನ್ನು ಬರೆಸಿದ್ದೂ ಅವರೇ.

ಕಳೆದ ಮಳೆಗಾಲದಲ್ಲಿ ಪೇಂಟಿಂಗ್ ಕೆಲಸದ ಒಬ್ಬ ರಾತ್ರಿ ತೀರಿಕೊಂಡ. ಚರ್ಚಿಗೆ ಬರುತ್ತಿದ್ದದ್ದು ಕ್ರಿಸ್ಮಸ್‌ಗೆ, ಅದೂ ಸ್ವಲ್ಪ ತೂರಾಡಿಕೊಂಡು. ಐದು ವರ್ಷದ ವಂತಿಗೆ ಬಾಕಿ. ಮಗ ಇಪ್ಪತ್ತರ ಹುಡುಗ. ಸಭಾ ಸಮಿತಿಯವರ ಮನೆಮನೆಗೆ ಹೋಗಿ, ಬೆಳಗಾಗಲಿ ನೋಡುವ ಎನ್ನಿಸಿಕೊಂಡು, ಕೊನೆಗೆ ಹನ್ನೊಂದು ಗಂಟೆಗೆ ಅಂಕಲ್ ಗೇಟು ತಟ್ಟಿದ. ಅಂಕಲ್ ಲುಂಗಿಯಲ್ಲೇ ಹೊರಗೆ ಬಂದು ಬೀದಿಗೆಲ್ಲ ಕೇಳುವಂತೆ ಬೈದರು. ನಿನ್ನಪ್ಪನಿಗೆ ಬಾರಿನ ಬಿಲ್ಲು ಕಟ್ಟಲು ದುಡ್ಡಿತ್ತು, ದೇವರ ಬಿಲ್ಲಿಗೆ ಇರಲಿಲ್ಲವಾ ಎಂದರು. ಬೈಯುತ್ತಲೇ ಛತ್ರಿ ತೆಗೆದುಕೊಂಡರು. ಬೈಯುತ್ತಲೇ ಪೆಟ್ಟಿಗೆ ಮಾಡುವವನಿಗೂ ಗುಂಡಿ ತೋಡುವವರಿಗೂ ಫೋನ್ ಮಾಡಿದರು. ಆ ಮನೆಯಲ್ಲಿ ಬೆಳಗಿನವರೆಗೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಮಣ್ಣು ಮಾಡುವಾಗ ನೆನೆದ ಏರಿ ಜಾರಿ ಬೀಳುತ್ತಿದ್ದಾಗ, ಮೊಣಕಾಲಿನ ಶಿಲುಬೆಯನ್ನು ಮರೆತು ಕೆಳಗಿಳಿದು ಹಲಗೆ ಕೊಟ್ಟವರೂ ಅವರೇ. ವಾಟ್ಸಾಪ್‌ನಲ್ಲಿ ಒಂದು ಫೋಟೋ ಇಲ್ಲ.

ವಿಷಯ ಎದ್ದದ್ದು ಮುಂದಿನ ತಿಂಗಳ ಸಮಿತಿ ಸಭೆಯಲ್ಲಿ. ರಸೀದಿ ಪುಸ್ತಕ ತಿರುವಿಹಾಕುತ್ತಿದ್ದ ಕಾರ್ಯದರ್ಶಿ ತಲೆಯೆತ್ತಿದರು. “ಅಂಕಲ್, ಈ ಪೇಂಟರಿನ ಐದು ವರ್ಷದ ಬಾಕಿ ಪೂರಾ ಜಮಾ ಆಗಿದೆ.”

“ಆಗಿದ್ರೆ ಒಳ್ಳೆದಾಯ್ತಲ್ಲ.”

“ತಾರೀಕು ಅವನು ಸಾಯುವ ಹಿಂದಿನ ದಿನದ್ದು. ಅವತ್ತು ಅವನು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದ.”

“ಮತ್ತೆ?”

“ಅಕ್ಷರ ನಿಮ್ಮದು.”

“ಖಜಾಂಚಿಯ ಅಕ್ಷರ ಅಲ್ಲದೆ ನಿಮ್ಮಜ್ಜನದ್ದು ಇರ್ತದಾ? ಲೆಕ್ಕದಲ್ಲಿ ದುಡ್ಡು ಕಮ್ಮಿ ಬಿದ್ರೆ ಕೇಳಿ ಮಾರಾಯ್ರೇ, ಜಾಸ್ತಿ ಇದ್ರೆ ಎಂತ ಕೇಳ್ಲಿಕ್ಕುಂಟು?” ಅಂಕಲ್ ರಸೀದಿ ಪುಸ್ತಕವನ್ನು ಕಿತ್ತುಕೊಂಡು ಬೈಬಲಿನ ಹೊದಿಕೆಯೊಳಗೆ ಸೇರಿಸಿ ಜಿಪ್ ಎಳೆದರು.

ಹುಡುಗ ಪಾಸ್ಟರು ಏನೋ ಹೇಳಲು ಬಾಯಿ ತೆರೆದರು.

“ಆಮೆನ್” ಎಂದರು ಅಂಕಲ್, ಮೊಟಕಾಗಿ. “ಮುಂದಿನ ವಿಷಯ. ಈ ಸಲದ ಬೆಳೆಹಬ್ಬಕ್ಕೆ ಕೋಳಿ ಯಾರು ಕೊಡುದು?”