ಫೈರ್ ಎಕ್ಸಿಟ್‌ನ ಗಿರಾಕಿ

ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಬೇಕಾದರೂ ಹೋಗಿ, ಬೆಂಕಿ ಬಿದ್ದಾಗ ಓಡಲೆಂದು ಕಟ್ಟಿದ ಮೆಟ್ಟಿಲೊಂದು ಇದ್ದೇ ಇರುತ್ತದೆ. ಲಿಫ್ಟಿಗೆ ಹತ್ತು ನಿಮಿಷ ಕಾದಾರೇ ಹೊರತು ಅತ್ತ ಯಾರೂ ಸುಳಿಯರು. ಸುಳಿಯುವವನು ಇವನೊಬ್ಬ: ಕೊರಳ ಐಡಿ ಕಾರ್ಡನ್ನು ಜೇಬಿಗೆ ತುರುಕಿ, ಫೋನು ಹಿಡಿದ ಕೈಗೆ ಇನ್ನೊಂದು ಕೈ ಮರೆಮಾಡಿ, ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಹತ್ತಿ ಇಳಿಯುತ್ತಿರುವ ಗಿರಾಕಿ. ವ್ಯಾಯಾಮದ ಹುಚ್ಚೇನೂ ಇಲ್ಲ. ಟೆಲಿಫೋನಿಕ್ ರೌಂಡ್ ನಡೆಯುತ್ತಿದೆ.

ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಮೀಟಿಂಗ್ ರೂಮು ಬುಕ್ ಮಾಡಿದರೆ ಕ್ಯಾಲೆಂಡರಿನಲ್ಲಿ ಹೆಸರು ಬೀಳುತ್ತದೆ. ಕ್ಯಾಂಟೀನಿನಲ್ಲಿ ಜ್ಯೂಸಿನವನ ಮಿಕ್ಸಿ. ಇಲ್ಲಾದರೆ ದಪ್ಪ ಗೋಡೆ, ತಾನೇ ಮುಚ್ಚಿಕೊಳ್ಳುವ ಭಾರದ ಬಾಗಿಲು. ಬೆಂಕಿ ಹೊಗೆಗಳನ್ನು ತಡೆಯಲೆಂದು ಹಾಕಿದ್ದು ಗುಟ್ಟನ್ನೂ ತಡೆಯುತ್ತದೆ. ಸಿಗ್ನಲ್ಲನ್ನೂ ತಡೆಯುತ್ತದೆ ಎಂಬುದೊಂದೇ ಕೊರತೆ. ಕಿಟಕಿ ಪಕ್ಕ ಎಡಗಾಲು ಒಂದು ಮೆಟ್ಟಿಲು ಮೇಲಿಟ್ಟರೆ ಎರಡು ಕಡ್ಡಿ, ಇಳಿಸಿದರೆ ಒಂದು ಎಂದು ಹಿಂದಿನ ದಿನವೇ ಸರ್ವೆ ಮುಗಿಸಿದ್ದಾನೆ.

ಅರ್ಜಿ ಹಾಕಿದ ದಿನದಿಂದಲೇ ಆಸಾಮಿಯ ಸ್ವಭಾವ ಬದಲು. ಅಪರಿಚಿತ ನಂಬರನ್ನು ವರ್ಷಗಟ್ಟಲೆ ಮುಟ್ಟದವನು ಈಗ 080 ಕಂಡರೆ ಎದ್ದು ನಿಂತು ಎತ್ತುತ್ತಾನೆ. 140ರಿಂದ ಶುರುವಾಗುವ ಕರೆ ಮಾರಾಟದವರದ್ದೆಂದು ಗೊತ್ತಿದ್ದೂ ಎತ್ತುತ್ತಾನೆ. ಕ್ರೆಡಿಟ್ ಕಾರ್ಡಿನಾಕೆ "ತಿಂಗಳ ಸಂಬಳ ಎಷ್ಟು ಸಾರ್?" ಎಂದರೆ, "ಕರೆಂಟಾ, ಎಕ್ಸ್‌ಪೆಕ್ಟೆಡ್ಡಾ?" ಎನ್ನುತ್ತಾನೆ.

ಫೋನ್ ಸಂದರ್ಶನದಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ಚೀಟಿ ಇಟ್ಟುಕೊಳ್ಳಬಹುದು. ಬುದ್ಧಿವಂತರು ನಾಲ್ಕು ಸಾಲು ಗುರುತು ಹಾಕಿಕೊಳ್ಳುತ್ತಾರೆ. ಇವನದು ಹನ್ನೆರಡು ಪುಟದ ಉತ್ತರಮಾಲೆ, ಪಿನ್ನಿಲ್ಲ. ಕರೆ ಬರಬೇಕಾದದ್ದು ಹನ್ನೊಂದಕ್ಕೆ. ಬಂದದ್ದು ಹನ್ನೊಂದೂ ಇಪ್ಪತ್ತಕ್ಕೆ, ಪುಟಗಳು ಎರಡನೇ ಮಹಡಿಯವರೆಗೆ ಹಾರಿ ಹೋದ ಮೇಲೆ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂದದ್ದೇ ತಡ, "ಐ ಯಾಮ್ ಬೇಸಿಕಲಿ ಫ್ರಮ್ ಹಾಸನ್" ಎಂದು ಉಸಿರು ಬಿಡದೆ ಶುರು. ಪ್ರಾಥಮಿಕ ಶಾಲೆ ದಾಟಿ ಪಿಯುಸಿಗೆ ಬರುವಷ್ಟರಲ್ಲಿ ಕಿವಿಯಲ್ಲಿ ಟುಂಯ್ ಟುಂಯ್: ಅಮ್ಮನ ಕರೆ ಕಾಯುತ್ತಿದೆ. ಕತ್ತರಿಸಿದ. ಹಾಸನದ ಅಮ್ಮಂದಿರು ಅಷ್ಟಕ್ಕೆ ಬಿಡುವವರಲ್ಲ. ಅಪ್ಪನಿಂದ ಮಾಡಿಸಿದರು, ಅದನ್ನೂ ಕತ್ತರಿಸಿದಾಗ ಭಾವನಿಂದ. ಸರಿಯಾಗಿ ಆಗಲೇ ಆ ಕಡೆಯಿಂದ ಪ್ರಶ್ನೆ: ಪಾಲಿಮಾರ್ಫಿಸಂ ಅಂದರೇನು, ನಿತ್ಯಜೀವನದಿಂದ ಒಂದು ಉದಾಹರಣೆ ಕೊಡಿ. ಒಂದೇ ಕರೆ ಬೇರೆ ಬೇರೆ ರೂಪ ತಾಳಿ ಕಿವಿಯಲ್ಲೇ ಬಡಿದುಕೊಳ್ಳುತ್ತಿದ್ದರೂ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. "ಯು ಆರ್ ನಾಟ್ ಆಡಿಬಲ್" ಎಂದು ಎಡಗಾಲು ಕೆಳಗಿಳಿಸಿದ.

ಇದು ಈ ಜಾತಿಯ ಬ್ರಹ್ಮಾಸ್ತ್ರ. ಉತ್ತರ ಗೊತ್ತಿದ್ದರೆ ಕಾಲು ಮೇಲೆ, ಗೊತ್ತಿಲ್ಲದಿದ್ದರೆ ಕೆಳಗೆ.

ಇಷ್ಟೆಲ್ಲ ದಾಟಿ ಬಂದವನು ಮುಗ್ಗರಿಸುವುದು ಪ್ರಶ್ನೆಗಲ್ಲ, ಮೌನಕ್ಕೆ. ಎದುರೆದುರು ಕೂತಿದ್ದರೆ ಎಚ್‌ಆರ್ ಮೇಡಂ ಟೈಪ್ ಮಾಡುತ್ತಿದ್ದಾರೋ ಕಾಫಿ ಕುಡಿಯುತ್ತಿದ್ದಾರೋ ಕಾಣುತ್ತದೆ. ಫೋನಿನಲ್ಲಿ ಮೌನವೆಂದರೆ ಕೋಪವೆಂದೇ ಇವನ ತಿಳಿವಳಿಕೆ. ವರ್ಷಕ್ಕೆ 18 ಲಕ್ಷ ಎಂದು ಎದೆಯುಬ್ಬಿಸಿ ಹೇಳಿದ. ಆ ಕಡೆ ಸದ್ದಿಲ್ಲ. "ನೆಗೋಶಿಯಬಲ್ ಮೇಡಂ, 17." ಸದ್ದಿಲ್ಲ. "ಲರ್ನಿಂಗ್ ಮುಖ್ಯ, 16 ಆದರೂ ಓಕೆ." ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. "14." ಆಗ ಮೇಡಂ, "ಸಾರಿ, ಮ್ಯೂಟಿನಲ್ಲಿದ್ದೆ. 18 ನಮ್ಮ ಬಜೆಟ್ಟಿನಲ್ಲೇ ಇದೆ ಅಂತ ಆಗಿನಿಂದ ಹೇಳ್ತಾ ಇದೀನಿ. ಇರಲಿ, 14 ಅಂತಲೇ ಬರ್ಕೊಳ್ತೀನಿ" ಎಂದರು.

ಉಳಿದದ್ದು ನೋಟಿಸ್ ಪೀರಿಯಡ್. ಇವನದು 90 ದಿನ. ಅವರಿಗೆ ಬೇಕಾದವನು ನಾಳೆ ಬೆಳಿಗ್ಗೆ ಬರುವವನು. ಬಂದವನು ಬಿಟ್ಟು ಹೋಗಬೇಕಾದರೆ ಮಾತ್ರ ಅಲ್ಲೂ 90 ದಿನವೇ. ಫೋನಿನ ಜಾತಕದಲ್ಲೇ ಈ ಅವಸರ ಇದೆಯೋ ಏನೋ. 1876ರ ಮಾರ್ಚ್ 10ರಂದು ಗ್ರಹಾಂ ಬೆಲ್ ಅದರಲ್ಲಿ ಮೊಟ್ಟಮೊದಲು ಆಡಿದ್ದೇ ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವ್ಯಾಟ್ಸನ್ನನಿಗೆ ಬಾ ಎಂಬ ಮಾತು. ಆತ ಬಂದೇಬಿಟ್ಟ. ಚರಿತ್ರೆಯ ಮೊದಲ ಇಮ್ಮಿಡಿಯೇಟ್ ಜಾಯ್ನರ್.

"ನಮ್ಮನ್ನೇನಾದರೂ ಕೇಳೋದಿದೆಯಾ?" ಎಂಬ ಕೊನೆಯ ಪ್ರಶ್ನೆಗೆ ಇವನ ಬಳಿ ಮೂರು ಘನವಾದ ಪ್ರಶ್ನೆಗಳಿದ್ದವು, ಹಾರಿಹೋದ ಒಂಬತ್ತನೇ ಪುಟದಲ್ಲಿ. "ಕ್ಯಾಬ್ ಇದೆಯಾ?" ಎಂದ.

ಸೀಟಿಗೆ ಮರಳಿದಾಗ ಎಲ್ಲಿಗೆ ಹೋಗಿದ್ದೆ ಎಂದು ಯಾರಾದರೂ ಕೇಳಿದರೆ ಹೊಟ್ಟೆ ಹಿಡಿದುಕೊಳ್ಳುವುದು ವಾಡಿಕೆ. ಟೆಕ್ನಿಕಲ್ ರೌಂಡು, ಮ್ಯಾನೇಜರ್ ರೌಂಡು, ಮತ್ತೆ ಎಚ್‌ಆರ್ ರೌಂಡು ಎಂದು ಕರೆಗಳು ಬಂದ ಹಾಗೆಲ್ಲ ಹೊಟ್ಟೆಯೂ ಕೆಡುತ್ತಾ ಬಂದು, ಟೀಮಿನವರು ಮರುಗಿದ್ದಾರೆ. ಪಕ್ಕದ ಸೀಟಿನವರು ಇಂಗು ಹಾಕಿದ ಮಜ್ಜಿಗೆ ತರುತ್ತಾರೆ. ಜೀರಿಗೆ ಕಷಾಯಕ್ಕೆ ಫ್ಲಾಸ್ಕು ಬಂದಿದೆ. ಮ್ಯಾನೇಜರು ಮಾತ್ರ ಏನೂ ಕೇಳುವುದಿಲ್ಲ. ಈಚೆಗೆ ಅವರಿಗೂ ಹನ್ನೊಂದು ಗಂಟೆಯ ಸುಮಾರಿಗೆ ಹೊಟ್ಟೆ ಸರಿಯಿರುವುದಿಲ್ಲ. ಐದನೇ ಮಹಡಿಯಿಂದ ಮೇಲಿನ ಮೆಟ್ಟಿಲುಗಳು ಅವರವು.