ಎಡಕ್ಕೆ ತಿರುಗಿದರೆ ಹಾರ್ನು

ಬೈಕಿನ ಹ್ಯಾಂಡಲ್ ಬದಲಿಸುವ ಆಸೆ ಮೂವತ್ತರ ಒಳಗಿನವರಿಗೆ ಕನ್ನಡಿ ನೋಡಿ ಹುಟ್ಟುತ್ತದೆ, ಮೂವತ್ತು ದಾಟಿದವರಿಗೆ ಬೆನ್ನು ನೋವಿನಿಂದ. ಅಂಕೋಲೆಯಲ್ಲಿರುವ ನನ್ನ ಅಕ್ಕನ ಮಗ ಮೂವತ್ತರ ಹತ್ತಿರವೂ ಸುಳಿದವನಲ್ಲ. ಆದರೆ ಮನೆಯಲ್ಲಿ ಹೇಳಿದ್ದು ಮಾತ್ರ ಎರಡನೆಯ ಕಾರಣ. ಕೆಲಸಕ್ಕೆ ದಿನಾ ಕಾರವಾರಕ್ಕೆ ಹೋಗಿಬರುವ ಹುಡುಗ, ಒಂದು ಬದಿಗೆ 35 ಕಿಲೋಮೀಟರಿನ ಆಸುಪಾಸು. ಬೆನ್ನಿನ ಮಾತೆತ್ತಿದರೆ ಯಾವ ತಾಯಿ ಬೇಡವೆಂದಾಳು? ಹಾಕಿಸಿಕೊಂಡು ಬಂದ ಹ್ಯಾಂಡಲ್ ಎಷ್ಟು ಎತ್ತರವಿತ್ತೆಂದರೆ, ಅವನು ಬೈಕ್ ಹತ್ತಿ ಕೂತರೆ ಬಯಲಾಟದಲ್ಲಿ ಬಣ್ಣದ ವೇಷ ರಂಗಕ್ಕೆ ನುಗ್ಗಿದ ಹಾಗೆ ಕಾಣುತ್ತಿತ್ತು.

ಅಲ್ಲಿಂದ ಗೇರಿನ ಮುನಿಸು ಶುರುವಾಯಿತು. ಹೆದ್ದಾರಿಯ ಸಪಾಟು ರಸ್ತೆಯಲ್ಲಿ ಗಾಡಿ ಸಾಧು. ಬಿಣಗಾದ ಏರು ಬಂತೆಂದರೆ ಇಂಜಿನ್ ಮಾತ್ರ ಹೋ ಎಂದು ಕೂಗುತ್ತದೆ, ಚಕ್ರಕ್ಕೆ ಆ ಸುದ್ದಿಯೇ ಮುಟ್ಟುವುದಿಲ್ಲ. ಗಾಡಿ ತಿರುಗಿಸಿ ನಿಲ್ಲಿಸಲು ಹೋದರೆ ಆಕ್ಸಿಲೇಟರ್ ಮುಟ್ಟದಿದ್ದರೂ ರೇಸ್ ಏರುತ್ತದೆ. ಇವೆಲ್ಲಕ್ಕಿಂತ ಘನವಾದದ್ದು, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿದರೆ ತಾನಾಗಿ ಬಡಿದುಕೊಳ್ಳುವ ಹಾರ್ನು. ಮೀನು ಪೇಟೆಯಲ್ಲಿ ಬುಟ್ಟಿಗಳ ನಡುವೆ ಗಾಡಿ ತಿರುಗಿಸಿದವನಿಗೆ, "ಎಂತಕ್ಕೆ ಕೂಗ್ತೆ ಮಾರಾಯಾ, ನಾವೆಂತ ಕಿವುಡ್ರನಾ?" ಎಂದು ಮಂಗಳಾರತಿಯಾಯಿತು.

ಗಾಡಿಗೆ ಕಾಯಿಲೆ ಬಂದರೆ ನಮ್ಮ ಕಡೆ ವೈದ್ಯರಿಗೆ ಬರವಿಲ್ಲ. ಚಹಾದಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು, ಹುಟ್ಟಿದಾಗಿನಿಂದ ಲೂನಾ ಬಿಟ್ಟು ಬೇರೇನನ್ನೂ ಹತ್ತದ ನಿವೃತ್ತ ಮಾಸ್ತರರು, ಎಲ್ಲರದೂ ಒಂದೇ ತೀರ್ಪು: "ಕ್ಲಚ್ ಪ್ಲೇಟ್ ಹೋಗಿದೆ." ಲೂನಾಕ್ಕೆ ಗೇರೂ ಇಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ಚೂ ಇಲ್ಲ, ಆದ್ದರಿಂದಲೇ ಮಾಸ್ತರರ ತೀರ್ಪಿನಲ್ಲಿ ಪಕ್ಷಪಾತ ಇರಲಿಲ್ಲ ಎನ್ನಬೇಕು. ನನ್ನ ಮಾವನವರದು ಮಾತ್ರ ಬೇರೆ ರಾಗ. ಅವರು ಜಾವಾ ಕಾಲದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಮಾವನವರ ಮಟ್ಟಿಗೆ ಮೋಟಾರ್ ಸೈಕಲ್ಲಿನ ಇತಿಹಾಸವೂ ಅಲ್ಲಿಗೇ ಮುಗಿದಿದೆ. ಆ ಗಾಡಿಯಲ್ಲಿ ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರ್. ಕಾಲಲ್ಲಿ ಅದನ್ನು ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು. "ಕ್ಲಚ್ ವೈರ್ ಹರಿದರೂ ಮನೆ ಮುಟ್ಟುತ್ತಿದ್ದೆವು" ಎಂದು ಅವರು ಹೇಳುವುದು ಬಡಾಯಿಯಲ್ಲ. ಆದರೆ ಅದರಿಂದ ಅಳಿಯನಿಗೇನು ಉಪಯೋಗ?

ಕಾರವಾರದ ಗ್ಯಾರೇಜೊಂದರಲ್ಲಿ ಲಿವರಿನ ಬುಡದ ಅಡ್ಜಸ್ಟರ್ ತಿರುಗಿಸಿ ವೈರ್ ಸಡಿಲ ಮಾಡಿಕೊಟ್ಟರು. ಬಿಣಗಾ ಏರಿನ ಕೂಗಾಟ ನಿಂತಿತು, ಕಾಯಿಲೆ ಮಗ್ಗುಲು ಬದಲಿಸಿತು. ಈಗ ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಒಂದನೇ ಗೇರ್ ಖಟ್ ಎಂದು ಬೀಳುತ್ತದೆ, ಬಿದ್ದ ಮೇಲೆ ಗಾಡಿ ಮುಂದಿನವರ ಬಂಪರಿನತ್ತ ತೆವಳುತ್ತದೆ, ನ್ಯೂಟ್ರಲ್ ಅಂತೂ ಕಣ್ಣಿಗೇ ಬೀಳುವುದಿಲ್ಲ. ಕೆಲಸದ ಮೇಲೆ ಸದಾಶಿವಗಡಕ್ಕೂ ಹೋಗಬೇಕಾದವನು ಅವನು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆಯ ಮೇಲೇ ಬಂದವು. ಲಾರಿಗಳ ಸಾಲಿನ ನಡುವೆ ನ್ಯೂಟ್ರಲ್ ಸಿಗದೆ, ಎತ್ತಿದ ಕೈಯಲ್ಲಿ ಕ್ಲಚ್ ಹಿಡಿದೇ ನಿಲ್ಲುವವನಿಗೆ ಬೆನ್ನು ನೋವಿನ ನೆಪ ನಿಜವಾಗತೊಡಗಿತು.

ಕಡೆಗೆ ಅಂಕೋಲೆಯ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಪಾನಾ ಮುಟ್ಟಲಿಲ್ಲ, ಇಂಜಿನ್ ಶುರು ಮಾಡು ಎನ್ನಲೂ ಇಲ್ಲ. ಡಬಲ್ ಸ್ಟ್ಯಾಂಡ್ ಹಾಕಿಸಿ, ಬೀಡಿ ತುಟಿಯಲ್ಲಿಟ್ಟುಕೊಂಡೇ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನ ಹೊರಳಿಸಿದರು. ಕ್ಲಚ್ ಲಿವರಿನ ಬಾಯಲ್ಲಿ ಕೂತಿದ್ದ ವೈರಿನ ಕಪ್ಪು ಔಟರ್ ಬಲತುದಿ ಮುಟ್ಟುವಾಗ ಗೂಡಿನಿಂದ ಕಡಲೆಕಾಳಿನಷ್ಟು ಹೊರಗೆ ಬಂತು. ನೇರ ಮಾಡಿದೊಡನೆ ಒಳಗೆ ಹೋಯಿತು. "ಕಂಡಿತಾ?" ಅಂದರು. ಔಟರ್ ಹೊರಬಂದಷ್ಟೂ ಒಳಗಿನ ತಂತಿ ಬಿಗಿಯುತ್ತದೆ, ಅಂದರೆ ಯಾರೋ ಕ್ಲಚ್ಚನ್ನು ಸ್ವಲ್ಪ ಹಿಡಿದಂತೆಯೇ ಲೆಕ್ಕ. ಎಣ್ಣೆಯಲ್ಲಿ ಮುಳುಗಿದ ಪ್ಲೇಟುಗಳನ್ನು ಒತ್ತಿ ಹಿಡಿಯಬೇಕಾದ ಸ್ಪ್ರಿಂಗಿಗೆ ಪೂರ್ತಿ ಒತ್ತಲು ಆಗುವುದಿಲ್ಲ, ಪ್ಲೇಟ್ ಜಾರುತ್ತದೆ. ಹಾಗೇ ಓಡಿಸುತ್ತಿದ್ದರೆ ಜಾರಿ ಜಾರಿ ಸುಟ್ಟು ಪ್ಲೇಟ್ ನಿಜಕ್ಕೂ ಹೋಗುತ್ತದೆ. ನಮ್ಮ ಊರಲ್ಲಿ ತೀರ್ಪು ಮೊದಲು ಬರುತ್ತದೆ, ಅಪರಾಧ ಆಮೇಲೆ ನಡೆಯುತ್ತದೆ.

"ಹ್ಯಾಂಡಲ್ ಎತ್ರ ಮಾಡ್ದೆ, ವೈರ್ ಹಳೇದೇ ಬಿಟ್ಟೆ. ಅದೆಂತ ಬೆಳೀತದ್ಯಾ ತಮ್ಮಾ?" ಎಂದು ಕೇಳಿದರು. ಬ್ರೇಕಿನ ಹೋಸ್ ಕೂಡ ವೀಣೆಯ ತಂತಿಯಾಗಿತ್ತು. ಅದನ್ನು ತೋರಿಸುವಾಗ ಮಾತ್ರ ಅವರ ದನಿ ಗಡುಸಾಯಿತು. ಕ್ಲಚ್ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೈಕೊಟ್ಟರೆ ನಿಲ್ಲುವುದಿಲ್ಲ.

ಹಳೆ ಹ್ಯಾಂಡಲನ್ನೇ ಮತ್ತೆ ಹಾಕಿಬಿಡಿ ಎಂದು ನಾನು ಸೂಚಿಸಿದೆ. ಅಳಿಯ ನೆಲ ನೋಡಿದ. ಅಕ್ಕ ಅದನ್ನು ಅಟ್ಟದ ತೊಲೆಗೆ ಕಟ್ಟಿಸಿ, ಮಳೆಗಾಲಕ್ಕೆಂದು ತಂದ ಕುಮಟಾ ನೀರುಳ್ಳಿಯ ಜಡೆಗಳನ್ನು ಎರಡೂ ಬದಿಗೆ ತೂಗುಹಾಕಿಯಾಗಿತ್ತು. ನೀರುಳ್ಳಿ ಇಳಿಸಿ ಹ್ಯಾಂಡಲ್ ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

ಹಾಗಾಗಿ ಉದ್ದದ ಕ್ಲಚ್ ವೈರ್, ಉದ್ದದ ಆಕ್ಸಿಲೇಟರ್ ವೈರ್, ಉದ್ದದ ಹೋಸ್. ವೈರು ಎಲ್ಲೂ ಚೂಪಾಗಿ ಮಡಚದಂತೆ ದಾರಿ ಬದಲಿಸಿ, ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಪ್ಲೇ ಬಿಟ್ಟು, ಮತ್ತೊಮ್ಮೆ ಎಡದಿಂದ ಬಲಕ್ಕೆ ಹೊರಳಿಸಿ ನೋಡಿದರು. ಔಟರ್ ಗೂಡಿನಿಂದ ಅಲುಗಲಿಲ್ಲ. ಎಳೆದಾಡಿ ಸಿಪ್ಪೆ ಸುಲಿದು ಚಾಸಿಗೆ ತಾಗುತ್ತಿದ್ದ ಹಾರ್ನಿನ ವೈರಿಗೂ ಜೋಡು ಹಾಕಿ ಟೇಪ್ ಸುತ್ತಿದರು. ಖರ್ಚಿನ ಒಟ್ಟು ಮೊತ್ತ ಹೊಸ ಹ್ಯಾಂಡಲಿನ ಬೆಲೆಯನ್ನು ದಾಟಿತು. ಅಳಿಯ ಅದನ್ನು ಬೆನ್ನಿನ ಔಷಧಿ ಖರ್ಚಿಗೆ ಬರೆದುಕೊಂಡ.

ಈಗ ಗೇರು ಬೆಣ್ಣೆ. ತಕರಾರಿರುವುದು ಅಕ್ಕನದು. "ಮೊದ್ಲೆಲ್ಲ ಓಣಿಗೆ ಎಡಕ್ಕೆ ತಿರುಗುವಾಗ ಹಾರ್ನ್ ಆಗ್ತಿತ್ತು, ಆವಾಗ ಬಂಗಡೆ ಕಾವಲಿಗೆ ಹಾಕಿದ್ರೆ ಕೈ ತೊಳೂದ್ರೊಳಗೆ ಬಿಸಿಬಿಸಿ ಬಡಿಸ್ತಿದ್ದೆ. ಅದನ್ನ ಎಂತಕ್ಕೆ ರಿಪೇರಿ ಮಾಡಿಸ್ದೆ ನೀನು?" ಎಂದು ಫೋನಿನಲ್ಲಿ ನನಗೇ ಬೈಗುಳ.